‘ಆಗಲ್ಲ’ ಅನ್ನೋದನ್ನ ಬರದು ಕೊಡ್ರಿ

ನಾನು ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಕಾಲಕ್ಕೆ ಕಾನೂನಿನಲ್ಲಿ ಇದ್ದದ್ದು ಏಳೇ ಬಗೆಯ ಅಂಗವೈಕಲ್ಯ. 1995ರ ಕಾಯ್ದೆ ಹೆಸರಿಸಿದ್ದ ಆ ಏಳು ನನಗೆ ಇವತ್ತಿಗೂ ಬಾಯಿಪಾಠ: ಪೂರ್ತಿ ಕುರುಡು, ಮಂದದೃಷ್ಟಿ, ಕುಷ್ಠದಿಂದ ಗುಣವಾದವರು, ಕಿವುಡು, ಕೈಕಾಲಿನ ಊನ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ಸರ್ವ ಶಿಕ್ಷಣ ಅಭಿಯಾನ ಆಗಷ್ಟೇ ಶುರುವಾಗಿತ್ತು. ಕೂಡ್ಲಿಗಿಯ ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಚೇರಿಯಲ್ಲಿ ನನಗೊಂದು ಕುರ್ಚಿ, ಬೀರುವಿನಲ್ಲಿ ಅರ್ಧ ಖಾನೆ ಕೊಟ್ಟಿದ್ದರು. ಕೊಟ್ಟೂರು ಇನ್ನೂ ಬೇರೆ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಯೊಳಗೇ ಇತ್ತು. ಆ ಕಡೆ ಗುಡೇಕೋಟೆ, ಈ ಕಡೆ ಉಜ್ಜಿನಿ; ಬಸ್ಸು ಹೋಗುವ ಊರಿಗೆ ಬಸ್ಸು, ಹೋಗದ ಊರಿಗೆ ಯಾರಾದರೂ ಮೇಷ್ಟ್ರ ಬೈಕಿನ ಹಿಂದಿನ ಸೀಟು.

ಆ ಏಳರಲ್ಲಿ ಯಾವುದಕ್ಕೂ ಸೇರದ ಮಕ್ಕಳು ಶಾಲೆ ಶಾಲೆಯಲ್ಲೂ ಸಿಗುತ್ತಿದ್ದರು. ಬಾಯಿಲೆಕ್ಕ ಚುರುಕಾಗಿ ಹೇಳುವ, ಆದರೆ ಪುಸ್ತಕ ತೆರೆದರೆ ಒಂದು ಸಾಲು ಓದಲಾರದ ಹುಡುಗನಿಗೆ ದಡ್ಡ ಅಂತಲೇ ಹೆಸರು. ಕೂಗಿದರೆ ತಿರುಗಿ ನೋಡದೆ ಗೋಡೆ ಕಡೆ ಮುಖ ಮಾಡಿ ಕೈ ಆಡಿಸುತ್ತಾ ಕೂರುವ ಹುಡುಗಿಗೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿರುತ್ತಿದ್ದರು. ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಕೇಳಿದರೆ ಮೇಲಿನವರ ಹತ್ತಿರವೂ ಉತ್ತರ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದು, 2017ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಆ ಏಳು ಇಪ್ಪತ್ತೊಂದಾದವು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು, ನಮ್ಮ ಕಡೆ ಯಾರೂ ಹೆಸರಿಟ್ಟು ಕರೆಯದೇ ಇದ್ದ ಎಷ್ಟೋ ಸಂಕಟಗಳಿಗೆ ಒಂದು ಕಾಲಂ ಸಿಕ್ಕಿತು. ಅಷ್ಟರಲ್ಲಿ ಮೊದಲ ಸಾಲಿನ ಹುಡುಗರು ಶಾಲೆ ಬಿಟ್ಟು, ದೊಡ್ಡವರಾಗಿ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿಯಾಗಿತ್ತು.

ಆದರೂ ನಾನಿಲ್ಲಿ ಬರೆಯಬೇಕೆಂದಿರುವುದು ಕಾನೂನು ತಡವಾಗಿ ಬಂದದ್ದರ ಬಗ್ಗೆ ಅಲ್ಲ. ಬಂದ ಕಾನೂನು ತಾಯ್ತಂದೆಯರ ಕೈಗೆ ಹೇಗೆ ಸೇರಲಿಲ್ಲ, ಸೇರಿದ ಕಡೆ ಹೇಗೆ ಸೇರಿತು ಎಂಬುದರ ಬಗ್ಗೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಅಂತ ಓಡಾಡಿದ ಅಷ್ಟೂ ವರ್ಷಗಳಲ್ಲಿ ನಾನು ನೋಡಿದ ನಿರಾಕರಣೆಗಳೆಲ್ಲ ಬಾಯಿಮಾತಿನವು. ‘ಮುಂದಿನ ವರ್ಷ ನೋಡಾಣ ತಗೋಳವ್ವ.’ ‘ಇಂಥ ಹುಡುಗ್ರಿಗೆ ಬ್ಯಾರೆ ಸಾಲಿ ಅದಾವು, ಅಲ್ಲಿಗೆ ಹಾಕ್ರಿ.’ ‘ನಿಮ್ಮ ಹುಡುಗಂದು ಪರ್ಸೆಂಟೇಜ್ ಬರಂಗಿಲ್ಲ.’ ಹೀಗೆ ಹೇಳಿದವರು ಯಾರೂ ಕೆಟ್ಟವರಲ್ಲ, ಕೆಲವರಂತೂ ನಿಜವಾಗಿ ಮರುಗಿಯೇ ಹೇಳುತ್ತಿದ್ದರು. ಆದರೆ ಬಾಯಲ್ಲಿ ಹೇಳಿದ ‘ಆಗಲ್ಲ’ಕ್ಕೆ ತಾರೀಖಿಲ್ಲ, ಸಹಿ ಇಲ್ಲ, ಕಾರಣ ಇಲ್ಲ. ಅದನ್ನು ಹಿಡಿದುಕೊಂಡು ಮೇಲೆ ಹೋಗಲಿಕ್ಕಾಗುವುದಿಲ್ಲ. ತಾಯಿ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಬಂದ ಬಸ್ಸಿಗೇ ವಾಪಸು ಹೋಗುತ್ತಾಳೆ. ಕಚೇರಿಯ ಕಡತದಲ್ಲಿ ಅವಳು ಬಂದದ್ದೂ ಇಲ್ಲ, ಹೋದದ್ದೂ ಇಲ್ಲ.

ಇದು ನನಗೆ ಮೊದಲು ಸ್ಪಷ್ಟವಾದದ್ದು ಒಬ್ಬ ಅಜ್ಜಿಯಿಂದ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ತಾಂಡಾ. ದೀಪಾವಳಿ ಮುಗಿದರೆ ಅರ್ಧ ತಾಂಡಾ ಖಾಲಿ, ಕಬ್ಬು ಕಡಿಯಲು ಒಬ್ಬರು, ಕಾಫಿ ತೋಟಕ್ಕೆ ಒಬ್ಬರು. ಚೆನ್ನಾಗಿ ಓಡಾಡುವ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಾರೆ, ನಡೆಯಲಾರದ್ದು ಅಜ್ಜಿ ಹತ್ತಿರ ಉಳಿಯುತ್ತದೆ. ಅಂಥ ಒಂದು ಹುಡುಗ, ಏಳೆಂಟು ವರ್ಷ, ಪೋಲಿಯೊ ಅಲ್ಲ, ಹುಟ್ಟುವಾಗ ಉಸಿರು ಕಟ್ಟಿ ಕೈಕಾಲು ಬಿಗಿಹಿಡಿದದ್ದು. ಮಾತು ತೊದಲು, ಬುದ್ಧಿ ಬಲು ಚೂಟಿ. ಅಜ್ಜಿ ಅವನನ್ನು ಶಾಲೆಗೆ ಹಾಕಲು ಹೋದರೆ ‘ಅವರಪ್ಪ ಅವರವ್ವ ಬಂದು ಸಹಿ ಮಾಡ್ಲಿ, ನಾಳೆ ಏನಾರ ಆದ್ರ ಯಾರು ಜವಾಬ್ದಾರಿ’ ಅಂತ ಕಳಿಸಿದ್ದರು. ಅಪ್ಪ ಅವ್ವ ಬರುವುದು ಯುಗಾದಿಗೆ. ಯುಗಾದಿ ಹೊತ್ತಿಗೆ ಶಾಲೆಗೆ ರಜೆ.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಅಂದರೆ 2010ರ ಏಪ್ರಿಲ್ ಕಳೆದು, ಸ್ವಲ್ಪ ಕಾಲವಾಗಿತ್ತು. ಆ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಪೋಷಕರು ಅಂದರೆ ಯಾರು ಅಂತ ಬರೆದಿದೆ: ಮಗುವಿನ ಪಾಲನೆ ಯಾರ ಸುಪರ್ದಿನಲ್ಲಿದೆಯೋ ಅವರು. ಕೋರ್ಟಿನಿಂದ ಕಾಗದ ತಂದವರಷ್ಟೇ ಅಂತ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ದಾಖಲಾತಿ ನಿಲ್ಲಿಸುವಂತಿಲ್ಲ ಎಂದು ಇನ್ನೊಂದು ಸೆಕ್ಷನ್ನು, ಮಗುವಿಗೆ ಪರೀಕ್ಷೆ, ಸಂದರ್ಶನ ಅಂತ ಸೋಸುವಂತಿಲ್ಲ ಎಂದು ಮತ್ತೊಂದು. ನಾನು ಪುಸ್ತಕ ತೆಗೆದುಕೊಂಡು ಹೋಗಿದ್ದೆ, ಆದರೆ ಅದನ್ನು ತೆರೆಯುವ ಮೊದಲೇ ಅಜ್ಜಿ ತನ್ನದೇ ಒಂದು ದಾರಿ ಹಿಡಿದಳು. ಸೀರೆಯ ಸೆರಗಿನ ಗಂಟು ಬಿಚ್ಚಿ, ಒಂದು ಹಾಳೆ ತೆಗೆದು ಮೇಷ್ಟ್ರ ಮುಂದೆ ಇಟ್ಟಳು. ತಾಂಡಾದ ಕಾಲೇಜು ಓದುವ ಹುಡುಗನ ಕೈಲಿ ಬರೆಸಿದ ಅರ್ಜಿ, ಕೆಳಗೆ ಅವಳ ಹೆಬ್ಬೆಟ್ಟು. ‘ನೀನು ಸೇರಿಸ್ಕೊಳ್ಳಲ್ಲ ಅಂದ್ರ ಸೇರಿಸ್ಕೊಳ್ಳಲ್ಲ ಅಂತ ಇದ್ರ ಮ್ಯಾಲೆ ಬರಿಯಪ್ಪ. ನಮ್ಮ ಮಗ ಫೋನ್ ಮಾಡಿದ್ರ ಏನ್ ಹೇಳ್ಲಿ ನಾನು? ಕಾಗದ ಐತಿ ಅಂತ ಹೇಳ್ತೀನಿ.’

ಅವಳಿಗೆ ಕಾನೂನು ಗೊತ್ತಿರಲಿಲ್ಲ. ಮಗನಿಗೆ ಲೆಕ್ಕ ಒಪ್ಪಿಸಬೇಕಿತ್ತು, ಅಷ್ಟೇ. ಮೇಷ್ಟ್ರು ಆ ಹಾಳೆಯನ್ನು ಎರಡು ಸಲ ಓದಿದರು. ಸೇರಿಸಿಕೊಳ್ಳುವುದಿಲ್ಲ ಎಂದು ಬರೆಯಲು ಪೆನ್ನು ಎತ್ತಲಿಲ್ಲ, ದಾಖಲಾತಿ ಪುಸ್ತಕ ತೆಗೆದರು. ಹುಡುಗ ಎರಡನೇ ತರಗತಿಯ ಮಕ್ಕಳ ಜೊತೆ ಚಾಪೆ ಮೇಲೆ ಕೂತ.

ಅದಾದ ಮೇಲೆ ನಾನು ಎಲ್ಲೇ ಪಾಲಕರ ಸಭೆ ನಡೆಸಿದರೂ ಬೇರೆ ಎಲ್ಲದಕ್ಕಿಂತ ಮೊದಲು ಇದನ್ನೇ ಹೇಳತೊಡಗಿದೆ. ಅರ್ಜಿ ಎರಡು ಪ್ರತಿ ಮಾಡಿ, ಒಂದನ್ನು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಮನೆಗೆ ತನ್ನಿ. ಕೇಳಿದ್ದು ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಅಂತ ಬರೆದುಕೊಡಲು ಕೇಳಿ. ದನಿ ಏರಿಸಬೇಡಿ, ಎದ್ದೂ ಹೋಗಬೇಡಿ.

ವೈದ್ಯಕೀಯ ಶಿಬಿರಗಳಲ್ಲಿ ಈ ಮಾತಿನ ಬೆಲೆ ನನಗೆ ಇನ್ನೂ ಚೆನ್ನಾಗಿ ತಿಳಿಯಿತು. ವರ್ಷಕ್ಕೊಮ್ಮೆ ಬಿಆರ್‌ಸಿಯಲ್ಲಿ ಶಿಬಿರ ಇಡುತ್ತಿದ್ದೆವು. ಜಿಲ್ಲಾಕೇಂದ್ರದಿಂದ ಕಣ್ಣಿನವರು, ಕಿವಿಯವರು, ಎಲುಬಿನವರು, ಮನೋವೈದ್ಯರು ಬರಬೇಕು. ಎಲ್ಲರೂ ಒಂದೇ ದಿನ ಬಂದರೆ ಪುಣ್ಯ. ದಿನಾಂಕ ಗೊತ್ತುಮಾಡುವುದೇ ದೊಡ್ಡ ಕೆಲಸ. ಕೊಟ್ಟೂರೇಶ್ವರನ ತೇರಿನ ಆಸುಪಾಸು ಇಟ್ಟರೆ ನಡೆದು ಬರುವ ಭಕ್ತರಿಂದ ದಾರಿಯೇ ಸಿಗುವುದಿಲ್ಲ, ಮೈಲಾರದ ಕಾರಣಿಕದ ಹೊತ್ತಿಗೆ ಇಟ್ಟರೆ ಹಡಗಲಿ ಕಡೆಯವರು ಬರುವುದಿಲ್ಲ, ಶೇಂಗಾ ಕೀಳುವಾಗ ಇಟ್ಟರೆ ಯಾರೂ ಬರುವುದಿಲ್ಲ. ಹೇಗೋ ಬಂದವರು ಬೆಳಗ್ಗೆ ಎಂಟಕ್ಕೇ ಶಾಮಿಯಾನದ ಕೆಳಗೆ ಕೂತಿರುತ್ತಿದ್ದರು. ಶೇಕಡಾ 40 ಎಂಬ ಸಂಖ್ಯೆಯ ಮೇಲೆ ಅಷ್ಟೂ ಜನರ ಕಣ್ಣು. ನಲವತ್ತು ಮುಟ್ಟಿದರೆ ಮಾಸಾಶನ, ಬಸ್ ಪಾಸು, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು. ಮೂವತ್ತೆಂಟಕ್ಕೆ ನಿಂತರೆ ಬಂದ ದಾರಿಗೆ ಸುಂಕವಿಲ್ಲ.

ಕೂಡ್ಲಿಗಿ ಕಡೆಯ ಒಬ್ಬ ತಂದೆ, ಟೇಲರ್. ಮಗಳಿಗೆ ಐದು ವರ್ಷ. ಜೋರು ಸದ್ದಿಗೆ ತಿರುಗುತ್ತಾಳೆ, ಮಾತು ಬಂದಿಲ್ಲ. ಒಂದು ಶಿಬಿರದಲ್ಲಿ ಅವಳನ್ನು ನೋಡಿದವರು ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ತಿರುಗಿದಳಲ್ಲ, ಕೇಳಿಸುತ್ತದೆ, ಬರುವುದಿಲ್ಲ ಅಂದರು. ಆ ತಂದೆ ಮೆಲ್ಲಗೆ ಕೇಳಿದ, ‘ಸಾಹೇಬ್ರೆ, ಬರಂಗಿಲ್ಲ ಅನ್ನೋದನ್ನ ಬರದು ಕೊಡ್ರಿ.’ ಸುತ್ತ ಇದ್ದವರು ಅವನನ್ನೇ ನೋಡಿದರು. ಅಂಥ ಪದ್ಧತಿ ಇಲ್ಲ ಅಂತ ಒಬ್ಬರು ಹೇಳಿದರು. ಪದ್ಧತಿ ಇತ್ತು. 2017ರ ನಿಯಮಗಳಲ್ಲಿ ಅರ್ಜಿಗೊಂದು ನಮೂನೆ, ಪ್ರಮಾಣಪತ್ರಕ್ಕೆ ನಮೂನೆ, ಹಾಗೆಯೇ ಅರ್ಜಿ ತಿರಸ್ಕರಿಸಿದ್ದನ್ನು ಕಾರಣ ಸಮೇತ ತಿಳಿಸಲು ಎಂಟನೇ ನಮೂನೆ. ಅದನ್ನು ತುಂಬಿ ಕೊಟ್ಟದ್ದನ್ನು ನಾನು ಅಲ್ಲಿಯವರೆಗೆ ಎಂದೂ ನೋಡಿರಲಿಲ್ಲ. ಪ್ರತಿ ತರಿಸಿ ಮೇಜಿನ ಮೇಲಿಟ್ಟೆವು. ಕಾರಣ ಬರೆಯಬೇಕಾಗಿ ಬಂದಾಗ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಚಪ್ಪಾಳೆ ಅಂತ ಬರೆಯಲಾಗುವುದಿಲ್ಲವಲ್ಲ. ಕೊನೆಗೆ ಬರೆದರು, ಆ ಕಾಗದ ಹಿಡಿದು ತಂದೆ ಮೇಲ್ಮನವಿ ಸಲ್ಲಿಸಿದ. ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಹೋಗಬಹುದು ಎಂದು 2016ರ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತದೆ. ಮತ್ತೊಮ್ಮೆ ತಪಾಸಣೆಯಾಯಿತು, ಈ ಸಲ ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ಕಿವಿಯಿಂದ ಮೆದುಳಿಗೆ ಸದ್ದು ತಲುಪುವುದನ್ನು ಅಳೆಯುವ ಬೇರಾ ಪರೀಕ್ಷೆ. ಎರಡೂ ಕಿವಿಯಲ್ಲಿ ತೀವ್ರ ದೋಷ ಇತ್ತು. ಶ್ರವಣಯಂತ್ರ ಬಂತು, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಿ ಬಂದರು. ಮಾತು ಕಲಿಯಲು ಮೊದಲ ವರ್ಷಗಳೇ ಮುಖ್ಯ. ಅವುಗಳಲ್ಲಿ ಒಂದಿಷ್ಟು ಈ ಓಡಾಟದಲ್ಲೇ ಕಳೆದುಹೋಗಿತ್ತು ಎಂಬ ಸಂಕಟ ನನಗೆ ಈಗಲೂ ಹೋಗಿಲ್ಲ.

ನನ್ನ ತವರು ಹರಪನಹಳ್ಳಿ. ಅಲ್ಲಿಯ ಕತೆಯೇ ಬೇರೆ. ನಮ್ಮೂರು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಕಡೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿತು. ಬಳ್ಳಾರಿಗೆ ಮರಳಿದ್ದು ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ಊರವರು ವರ್ಷಗಟ್ಟಲೆ ಹೋರಾಡಿ ಪಡೆದ ಬದಲಾವಣೆ, ನಾನೂ ಸಂತೋಷಪಟ್ಟವಳೇ. ಆದರೆ ನಮ್ಮ ಅಕ್ಕನ ಮೊಮ್ಮಗನಿಗೆ ಬುದ್ಧಿ ಬೆಳವಣಿಗೆ ಕಡಿಮೆ. ಅವನ ಪ್ರಮಾಣಪತ್ರ ದಾವಣಗೆರೆಯದು. ಹುಡುಗ ಅದೇ ಮನೆಯಲ್ಲಿ, ಅದೇ ಓಣಿಯಲ್ಲಿ, ಅದೇ ಶಾಲೆಯಲ್ಲಿದ್ದರೂ ಮೂರು ವರ್ಷದೊಳಗೆ ಅವನ ಜಿಲ್ಲೆ ಎರಡು ಸಲ ಬದಲಾಯಿತು. ಒಂದು ಕಚೇರಿಯಲ್ಲಿ ‘ಇದು ಬ್ಯಾರೆ ಜಿಲ್ಲೆದು, ಹೊಸದಾಗಿ ಮಾಡಿಸ್ಕೊಂಡು ಬರ್ರಿ’ ಅಂದರು. ಹೊಸದಾಗಿ ಅಂದರೆ ನೂರು ಕಿಲೋಮೀಟರಿಗೂ ಮಿಕ್ಕಿದ ಬಳ್ಳಾರಿಗೆ ಆ ಹುಡುಗನನ್ನು ಬಸ್ಸಿನಲ್ಲಿ ಕರೆದೊಯ್ಯಬೇಕು. ಬಸ್ಸಿನ ಹಾರನ್ನಿಗೆ ಹೆದರಿ ಕಿವಿ ಮುಚ್ಚಿ ಕೂಗುವ ಹುಡುಗ ಅವನು.

ಅಕ್ಕನ ಸೊಸೆ ನನಗೆ ಫೋನ್ ಮಾಡಿ ಅತ್ತಳು. 2016ರ ಕಾಯ್ದೆಯ 58ನೇ ಸೆಕ್ಷನ್ನಿನಲ್ಲಿ ಒಂದು ಸಾಲಿದೆ, ಈ ಪ್ರಮಾಣಪತ್ರ ದೇಶದಾದ್ಯಂತ ಊರ್ಜಿತ. ದೇಶದ ಇನ್ನೊಂದು ತುದಿಯಲ್ಲಿ ನಡೆಯಬೇಕಾದ ಕಾಗದ ಪಕ್ಕದ ಜಿಲ್ಲೆಯಲ್ಲಿ ನಡೆಯುವುದಿಲ್ಲವೇ? ಆ ಸಾಲನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಅರ್ಜಿಗೆ ಲಗತ್ತಿಸಿ, ‘ಈ ಪ್ರಮಾಣಪತ್ರ ಒಪ್ಪುವುದಿಲ್ಲವಾದರೆ ಕಾರಣ ಲಿಖಿತವಾಗಿ ತಿಳಿಸಬೇಕೆಂದು ಕೋರಿಕೆ’ ಅಂತ ಕೆಳಗೆ ಸೇರಿಸಿ ಕೊಡು ಅಂದೆ. ಕೊಟ್ಟಳು. ಟಪಾಲಿನಲ್ಲಿ ಸೀಲು ಹಾಕಿಸಿಕೊಂಡಳು. ಒಂದು ವಾರಕ್ಕೆ ಆ ಕಚೇರಿಯಿಂದಲೇ ಫೋನ್ ಬಂತು, ಹಳೆಯದೇ ನಡೆಯುತ್ತದೆ ಅಂತ. ಈಗ 2021ರ ಜೂನ್‌ನಿಂದ ಪ್ರಮಾಣಪತ್ರವನ್ನು ವಿಕಲಚೇತನರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕೆಂದಾಗಿದೆ. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿದರೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಎಷ್ಟೋ ಅನುಕೂಲವಾಗಿದೆ, ಅದನ್ನು ಹೇಳಲೇಬೇಕು. ಆದರೆ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಲು ಹೋದವಳಿಗೆ ಮತ್ತೆ ಬಾಯಿಮಾತೇ ಸಿಗುವುದು.

ಇನ್ನು ಮನೆಯಲ್ಲೇ ಪಾಠ. ಗೃಹಾಧಾರಿತ ಶಿಕ್ಷಣ ಎಂದು ಕರೆಯುವ ಇದರ ಬಗ್ಗೆ ನನಗೆ ಗೌರವವೂ ಇದೆ, ಸಿಟ್ಟೂ ಇದೆ. ಎದ್ದು ಕೂರಲಾಗದ, ಹಾಸಿಗೆ ಬಿಟ್ಟು ಏಳದ ಮಕ್ಕಳ ಮನೆಗೆ ಶಿಕ್ಷಕರು ಹೋಗಿ ಕಲಿಸುವುದು ದೊಡ್ಡ ಕೆಲಸ. ಹಾಗೆ ಹೋಗಿ ಮಗುವಿನ ಬಾಯಲ್ಲಿ ಮೊದಲ ಸಲ ‘ಅವ್ವ’ ಅನ್ನಿಸಿದ ಶಿಕ್ಷಕಿಯರನ್ನು ನಾನು ಬಲ್ಲೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಮತ್ತು ಬಹುವಿಧ ವೈಕಲ್ಯದ ಮಗುವಿಗೆ ಇದನ್ನು ಆಯ್ದುಕೊಳ್ಳುವ ಹಕ್ಕು ಕೊಟ್ಟಿತು. ಆಯ್ದುಕೊಳ್ಳುವುದು ಮಗುವಿನ ಕಡೆಯವರು. ರಿಜಿಸ್ಟರಿನಲ್ಲಿ ಆದದ್ದು ಬೇರೆ. ವ್ಹೀಲ್‌ಚೇರ್ ಒಳಗೆ ಹೋಗದ ಶಾಲೆ, ಶೌಚಾಲಯ ಇಲ್ಲದ ಶಾಲೆ, ಒಬ್ಬರೇ ಮೇಷ್ಟ್ರಿರುವ ಶಾಲೆ, ಇಂಥ ಕಡೆ ಶಾಲೆಯನ್ನು ಸರಿಮಾಡುವುದಕ್ಕಿಂತ ಮಗುವಿನ ಹೆಸರನ್ನು ಮನೆಯ ಪಟ್ಟಿಗೆ ದಾಟಿಸುವುದು ಸುಲಭ. ಹಾಗೆ ದಾಟಿಸಿದ್ದು ಎಷ್ಟೋ ತಾಯಂದಿರಿಗೆ ಗೊತ್ತೇ ಇರುತ್ತಿರಲಿಲ್ಲ. ‘ಮೇಡಂ ವಾರಕ್ಕೊಮ್ಮೆ ಬರ್ತಾರ, ಅದೇ ಅಂತ ಸಾಲಿ’ ಎಂದುಕೊಂಡಿದ್ದರು.

ಹಡಗಲಿ ಸೀಮೆಯ ಒಬ್ಬ ತಾಯಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಸೆರೆಬ್ರಲ್ ಪಾಲ್ಸಿಯ ಮಗಳು. ಆಕೆಯ ಮನೆಯಲ್ಲಿ ಮಲ್ಲಿಗೆ ತೋಟದ ಹೂ ಬಿಡಿಸಿ ಕಟ್ಟುವ ಕೆಲಸ. ‘ಮನ್ಯಾಗ ಪಾಠ ಆಗ್ತೈತಿ ಮೇಡಂ, ಗೆಳತ್ಯಾರು ಎಲ್ಲಿಂದ ಬರ್ತಾರ?’ ಅಂತ ಕೇಳಿದಳು. ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಪಕ್ಕದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನದು ಎಂದು 2016ರ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಓಡಾಡಲು ವಾಹನದ ವ್ಯವಸ್ಥೆ ಮಾಡಬೇಕು, ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆಯವರಿಗೂ ಮಾಡಬೇಕು ಎಂದು 16ನೇ ಸೆಕ್ಷನ್. ಅವಳು ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎರಡಕ್ಕೂ ಅರ್ಜಿ ಹಾಕಿದಳು, ಮಗಳ ಹೆಸರನ್ನು ಮನೆ ಪಟ್ಟಿಯಿಂದ ತೆಗೆದು ಶಾಲೆಯ ಪಟ್ಟಿಗೆ ಹಾಕಬೇಕೆಂದು ಇನ್ನೊಂದು ಅರ್ಜಿ. ದುಡ್ಡು ಕೈಸೇರಲು ವರ್ಷ ಹಿಡಿಯಿತು. ಆ ವರ್ಷವೆಲ್ಲ ಹತ್ತು ವರ್ಷದ ಮಗಳನ್ನು ಬೆನ್ನಿಗೆ ಹಾಕಿಕೊಂಡೇ ಶಾಲೆಗೆ ಬಂದಳು. ಅವಳ ಸೊಂಟ ಹೋಯಿತು. ಹಕ್ಕು ಎಂದರೆ ಕಾಗದ ಅಂತ ನಾನು ಇಷ್ಟು ಹೊತ್ತು ಹೇಳುತ್ತಿದ್ದರೂ, ಆ ಕಾಗದ ಮಂಜೂರಾಗುವವರೆಗಿನ ಭಾರವನ್ನು ಹೊರುವುದು ಇಂಥ ಬೆನ್ನುಗಳೇ.

ನನ್ನ ಕೆಲಸದಲ್ಲಿ ನಾನು ಬಹಳ ಪ್ರೀತಿಸಿದ ಭಾಗ ವೈಯಕ್ತಿಕ ಶಿಕ್ಷಣ ಯೋಜನೆ. ಪ್ರತಿ ಮಗುವಿಗೂ ಒಂದು ಯೋಜನೆ: ಈಗ ಏನು ಬರುತ್ತದೆ, ಮೂರು ತಿಂಗಳಲ್ಲಿ ಏನು ಕಲಿಯಬೇಕು, ಹೇಗೆ ಕಲಿಸುತ್ತೇವೆ. ಒಂದು ತರಬೇತಿಯಲ್ಲಿ ಇದರ ಮೂಲದ ಬಗ್ಗೆ ಹೇಳಿದರು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಇಂಥ ಮಕ್ಕಳನ್ನು ಶಾಲೆಗೆ ಸೇರಿಸದೆ ಕಳಿಸುವುದಕ್ಕೆ ಕೆಲವು ರಾಜ್ಯಗಳ ಕಾನೂನೇ ಒಪ್ಪುತ್ತಿತ್ತಂತೆ. ಪೆನ್ಸಿಲ್ವೇನಿಯದಲ್ಲಿ ತಾಯ್ತಂದೆಯರ ಸಂಘವೇ ರಾಜ್ಯದ ಮೇಲೆ ದಾವೆ ಹಾಕಿತು. 1975ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಯೋಜನೆ ಬರೆಯುವಾಗ ತಾಯಿಯೋ ತಂದೆಯೋ ಮೇಜಿನ ಮುಂದೆ ಕೂರಬೇಕು. ಶಾಲೆ ಏನಾದರೂ ಬದಲಿಸುವುದಾದರೆ, ಅಥವಾ ಪಾಲಕರು ಕೇಳಿದ್ದನ್ನು ಕೊಡುವುದಿಲ್ಲ ಎನ್ನುವುದಾದರೆ, ಕಾರಣ ಸಮೇತ ಮೊದಲೇ ಲಿಖಿತ ನೋಟಿಸು ಕೊಡಬೇಕು. ಇದನ್ನು ಕೇಳಿದಾಗ ತಾಂಡಾದ ಅಜ್ಜಿ ಕಣ್ಣ ಮುಂದೆ ಬಂದಳು. ಅವಳು ಕೇಳಿದ್ದೂ ಅದನ್ನೇ.

ನಮ್ಮ 2016ರ ಕಾಯ್ದೆಯಲ್ಲಿ ಮಗುವಿಗೆ ಅಗತ್ಯವಾದ ವೈಯಕ್ತಿಕ ನೆರವು ಕೊಡಬೇಕೆಂದಿದೆ. ಆ ನೆರವು ಏನೆಂದು ತೀರ್ಮಾನಿಸುವಾಗ ತಾಯಿಯನ್ನು ಕೂರಿಸಿಕೊಳ್ಳಬೇಕೆಂದು ಇಲ್ಲ, ಅವಳ ಒಪ್ಪಿಗೆ ಇಲ್ಲದೆ ಯೋಜನೆ ಶುರುವಾಗಬಾರದು ಎಂದೂ ಇಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ ಎಂದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಕೂರಿಸಿಕೊಂಡಾಗ ಏನಾಗುತ್ತದೆಂದು ನಾನು ನೋಡಿದ್ದೇನೆ. ಹಡಗಲಿಯ ಮಲ್ಲಿಗೆಯ ಮನೆಗಳಲ್ಲೇ ಇನ್ನೊಬ್ಬ ಹುಡುಗನಿದ್ದ, ಬುದ್ಧಿಮಾಂದ್ಯ. ಹಿಂದಿನ ದಾಖಲೆಯಲ್ಲಿ ‘ಎಣಿಕೆ ಪರಿಕಲ್ಪನೆ ಇಲ್ಲ’ ಎಂದಿತ್ತು. ಹೊಸ ಯೋಜನೆಯ ಕರಡನ್ನು ನಾನು ಅವನ ತಾಯಿಗೆ ಸಾಲು ಸಾಲಾಗಿ ಓದಿ ಹೇಳುತ್ತಿದ್ದೆ. ಎಣಿಕೆಯ ಸಾಲಿಗೆ ಬಂದಾಗ ಅವಳು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. ‘ಅಂವಾ ಎಣಿಸ್ತಾನಲ್ರಿ. ಬಾಯ್ಲೆ ಹೇಳಂಗಿಲ್ಲ. ಮೊಗ್ಗು ಎಡಕ್ಕೆರಡು ಬಲಕ್ಕೆರಡು ಜೋಡಿಸಿ ಜೋಡಿಸಿ ನನ್ನ ಕೈಗೆ ಕೊಡೋನು ಅವನಾ. ಒಂದು ಮೊಗ್ಗು ಕಡಿಮಿ ಆದ್ರ ತಾನಾ ಹುಡುಕಿ ಇಡ್ತಾನ.’ ಅವತ್ತು ಬರೆದ ಯೋಜನೆ ಮೊಗ್ಗಿನಿಂದಲೇ ಶುರುವಾಯಿತು. ಎರಡರ ಗುಂಪು, ನಾಲ್ಕರ ಗುಂಪು, ಒಂದು ಮೊಳಕ್ಕೆ ಎಷ್ಟು ಗುಂಪು. ಆ ಹುಡುಗ ಈಗ ಸಂತೆಯಲ್ಲಿ ತಾಯಿಯ ಪಕ್ಕ ಕೂತು ಮೊಳ ಹಾಕಿ ಹೂ ಕೊಡುತ್ತಾನೆ, ಚಿಲ್ಲರೆ ಮಾತ್ರ ತಾಯಿ ನೋಡಿಕೊಳ್ಳುತ್ತಾಳೆ. ಯಾವ ಶಿಬಿರದ ಯಾವ ಪರೀಕ್ಷೆಯೂ ಆ ಎಣಿಕೆಯನ್ನು ಕಂಡುಹಿಡಿದಿರಲಿಲ್ಲ.

ಹೀಗೆ ಪ್ರತಿ ಮನೆಯಲ್ಲಿ ಕೂತು ಯೋಜನೆ ಬರೆಯಲು ಜನ ಎಲ್ಲಿದ್ದಾರೆ ಅನ್ನುವುದು ನ್ಯಾಯವಾದ ಪ್ರಶ್ನೆ. ಒಂದು ಬ್ಲಾಕಿನ ಮಕ್ಕಳಿಗೆಲ್ಲ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. 2022ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಶಾಲೆಗಳಲ್ಲಿ ಪ್ರಾಥಮಿಕ ಹಂತಕ್ಕೆ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತಕ್ಕೆ 15 ಮಕ್ಕಳಿಗೆ ಒಬ್ಬರು ಇರಬೇಕೆಂದಿತು. ಅದನ್ನು ಓದಿದ ದಿನ ನಮ್ಮ ಕಚೇರಿಯ ಗೋಡೆಗೆ ಅಂಟಿಸಿದ್ದ ಮಕ್ಕಳ ಪಟ್ಟಿಯನ್ನು ನೋಡಿ ಸುಮ್ಮನೆ ಲೆಕ್ಕ ಹಾಕುತ್ತ ಕೂತಿದ್ದೆ.

ಎಸ್ಸೆಸ್ಸೆಲ್ಸಿಯ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ದಾರಿ ಸ್ಪಷ್ಟ, ತಪ್ಪುವುದು ತಾರೀಖು. ಬರೆಯಲಾಗದ ಮಗುವಿಗೆ ಬರೆಯುವವರನ್ನು ಕೊಡಬೇಕು, ಹೆಚ್ಚುವರಿ ಸಮಯ ಕೊಡಬೇಕು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಬಹುದು. ಇದೆಲ್ಲ 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿದೆ. ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಎಂದು 2018ರ ಕೇಂದ್ರದ ಮಾರ್ಗಸೂಚಿ. ಆದರೆ ಇದು ಮುಖ್ಯೋಪಾಧ್ಯಾಯರ ಮೂಲಕ, ವೈದ್ಯಕೀಯ ದಾಖಲೆಯ ಸಮೇತ, ಪರೀಕ್ಷೆಗೆ ತಿಂಗಳುಗಳ ಮೊದಲೇ ಹೋಗಬೇಕು. ಪಾಲಕರಿಗೆ ಗೊತ್ತಾಗುವುದು ಹಾಲ್ ಟಿಕೆಟ್ ಬಂದ ಮೇಲೆ. ಅದಕ್ಕೇ ಒಂಬತ್ತನೇ ತರಗತಿಯಲ್ಲಿರುವಾಗಲೇ ಅರ್ಜಿ ಕೊಟ್ಟುಬಿಡಿ ಅನ್ನುತ್ತಿದ್ದೆ. ಹದಿನೆಂಟು ತುಂಬಿದ ಮೇಲೆ ಇನ್ನೊಂದು ಬಾಗಿಲಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯಿಂದ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ‘ನಾನು ಹೆತ್ತ ಮಗನಿಗೆ ನಾನೇ ಅರ್ಜಿ ಹಾಕಬೇಕಾ’ ಎಂದು ಎಷ್ಟು ತಾಯಂದಿರು ಕೇಳಿದ್ದಾರೋ. ಹಾಕಬೇಕು, ಬ್ಯಾಂಕಿನವರು ಕೇಳುವ ಮೊದಲೇ ಹಾಕಬೇಕು.

ನನ್ನ ಸೇವೆಯ ಕಡೆಯ ವರ್ಷಗಳಲ್ಲಿ ನಾನು ನೋಡಿದ ಒಂದು ಎಸ್‌ಡಿಎಂಸಿ ಸಭೆಯ ಬಗ್ಗೆ ಹೇಳಬೇಕು. ಊರು ಕೊಟ್ಟೂರಿಗೆ ಹತ್ತಿರ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪಿನ ಮಕ್ಕಳ ಪಾಲಕರಿಗೆ ಅವರ ಪ್ರಮಾಣದ ಸ್ಥಾನ ಸಿಗಬೇಕು. 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಆ ಗುಂಪಿನಲ್ಲಿದ್ದಾರೆ. ಮೇಜಿನ ಮುಂದೆ ಕೂರಲು ನಮ್ಮ ಕಾನೂನು ತಾಯಿಗೆ ಕೊಟ್ಟ ಕುರ್ಚಿ ಇದೊಂದೇ. ಆ ಊರಿನಲ್ಲಿ ನಡೆಯಲಾರದ ಹುಡುಗಿಯ ತಾಯಿಯೊಬ್ಬಳು ಆ ಕುರ್ಚಿಯಲ್ಲಿ ಕೂತಿದ್ದಳು. ಮಂಡಕ್ಕಿ ಮಿರ್ಚಿ ಅಂಗಡಿ ಅವಳದು, ಸಭೆಗೆ ಬರಲು ಅಂಗಡಿ ಮುಚ್ಚಿ ಬಂದಿದ್ದಳು.

ಶಾಲೆಗೆ ಇಳಿಜಾರು ದಾರಿ ಬೇಕು ಅಂದಳು. ಅನುದಾನ ಇಲ್ಲ ಎಂದರು. ‘ಆತ್ರಿ, ಅನುದಾನ ಇಲ್ಲ ಅಂತ ನಡಾವಳಿ ಪುಸ್ತಕದಾಗ ಬರೀರಿ. ಬರದದ್ದನ್ನ ಓದ್ರಿ, ನಾನು ಸಹಿ ಮಾಡ್ತೀನಿ.’ ಬರೆದರು, ಓದಿದರು, ಸಹಿ ಮಾಡಿದಳು. ಅದರ ನಕಲು ತೆಗೆದುಕೊಂಡು ಮರುದಿನ ಗ್ರಾಮ ಪಂಚಾಯ್ತಿಗೆ ಹೋದಳು. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 5 ವಿಕಲಚೇತನರಿಗಾಗಿ ಎತ್ತಿಡಬೇಕು, ಅದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಿಂದ ಅವಳಿಗೆ ತಿಳಿದಿತ್ತು. ಶಾಲೆಯಲ್ಲಿ ದುಡ್ಡಿಲ್ಲ ಎನ್ನುವ ಲಿಖಿತ ಪುರಾವೆ ಕೈಯಲ್ಲಿ, ಇನ್ನು ಶಾಲೆಯವರನ್ನು ಕೇಳಿ ಅಂತ ಅವಳನ್ನು ವಾಪಸು ಕಳಿಸಲು ಪಂಚಾಯ್ತಿಗೆ ದಾರಿ ಇರಲಿಲ್ಲ.

ಕೆಲಸ ಮಂಜೂರಾಯಿತು. ಗಾರೆಯವನು ಬಂದು ಬಾಗಿಲ ಮುಂದೆ ಸಿಮೆಂಟು ಸುರಿದು, ಎತ್ತಿನ ಗಾಡಿ ಹತ್ತಿಸುವಷ್ಟು ಕಡಿದಾಗಿ ಕಟ್ಟಿದ. ಅವಳು ಬಂದು ನೋಡಿದಳು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬ ಅಳತೆಯನ್ನು ನಾನು ಸಭೆಯೊಂದರಲ್ಲಿ ಹೇಳಿದ್ದೆ. ಅಂಗಡಿಯಿಂದ ಟೇಪು ತಂದು ಅಳೆದಳು. ನೆಲದಿಂದ ಹೊಸ್ತಿಲ ಎತ್ತರ ಒಂದೂವರೆ ಅಡಿ. ಗಾರೆಯವನು ಹಾಕಿದ್ದು ಆರಡಿ. ‘ಹದಿನೆಂಟು ಅಡಿ ಆಗಬೇಕು ಯಣ್ಣಾ’ ಅಂದಳು. ಅವನು ಎಂಜಿನಿಯರ್ ಹೆಸರು ಹೇಳಿದ. ಹಾಗಾದರೆ ಆರಡಿ ಸಾಕು ಅಂತ ಅವರ ಹತ್ತಿರ ಬರೆಸಿಕೊಂಡು ಬಾ ಅಂದಳು. ಎರಡು ದಿನ ಬಿಟ್ಟು ಎಂಜಿನಿಯರೇ ಬಂದು, ಒಡೆಸಿ, ಗೋಡೆಯ ಗುಂಟ ತಿರುವು ಕೊಟ್ಟು ಹದಿನೆಂಟು ಅಡಿ ಮಾಡಿಸಿದರು. ಪಕ್ಕಕ್ಕೆ ಕಂಬಿಯನ್ನೂ ಹಾಕಿಸಿದರು, ಅದನ್ನು ಅವಳು ಕೇಳಿರಲಿಲ್ಲ.

ಆ ಹುಡುಗಿ ಈಗ ಏಳನೇ ತರಗತಿ. ಮುಂದಿನ ವರ್ಷ ಪ್ರೌಢಶಾಲೆಗೆ ಹೋಗಬೇಕು, ಅದು ಊರಾಚೆ, ಅಲ್ಲಿ ಮೆಟ್ಟಿಲೂ ಹೆಚ್ಚು, ಶೌಚಾಲಯದ ಬಾಗಿಲು ಕಿರಿದು. ಮೊನ್ನೆ ಅವಳ ತಾಯಿ ನನಗೆ ಫೋನ್ ಮಾಡಿದ್ದಳು. ದಾಖಲಾತಿ ಶುರುವಾಗಲು ಇನ್ನೂ ತಿಂಗಳುಗಳಿವೆ. ಅರ್ಜಿಯನ್ನು ಈಗಲೇ ಕೊಟ್ಟು ಇನ್‌ವರ್ಡ್ ಮಾಡಿಸಿಯಾಗಿದೆಯಂತೆ. ಬಾಗಿಲಿನ ಅಗಲ ಎಷ್ಟಿರಬೇಕು, ಅದನ್ನು ಅರ್ಜಿಯಲ್ಲಿ ಇಂಚಿನಲ್ಲಿ ಬರೆಯಬೇಕಾ, ಸೆಂಟಿಮೀಟರಿನಲ್ಲಿ ಬರೆಯಬೇಕಾ ಎಂದು ಕೇಳುತ್ತಿದ್ದಳು.